ಆಗಸ್ಟ್ 6ರ ಪಾಠ: ಹಿಬಾಕುಷರ ಬದುಕನ್ನು ಮಕ್ಕಳಿಗೆ ಹೇಳುವುದು ಹೇಗೆ

ಆಳಂದ ತಾಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಆಗಸ್ಟ್ ಮೊದಲ ವಾರ ಅಂದರೆ ಸ್ವಾತಂತ್ರ್ಯ ದಿನದ ಕವಾಯತು, ಡಾನ್ಸ್ ತಯಾರಿ ಜೋರು. 1945ರ ಆಗಸ್ಟ್ 6ರಂದು ಜಪಾನಿನ ಹಿರೋಷಿಮಾ ಮೇಲೆ, 9ರಂದು ನಾಗಸಾಕಿ ಮೇಲೆ ಅಮೆರಿಕ ಅಣುಬಾಂಬು ಹಾಕಿತು. ಅದರಲ್ಲಿ ಬದುಕುಳಿದವರ ಕಥೆ ಹೇಳಲು ಈ ತಯಾರಿ ನಡುವೆ ಒಂದು ಪೀರಿಯಡ್ ಬಿಡಿಸಿಕೊಳ್ಳಿ, ಸಾಕು.

ಅಣಬೆ ಆಕಾರದ ಮೋಡದ ಚಿತ್ರದಿಂದ ಶುರು ಮಾಡಬೇಡಿ. ಅದು ಬಾಂಬು ಹಾಕಿದವರು ಮೇಲಿನಿಂದ ತೆಗೆದ ಚಿತ್ರ, ಅದರಲ್ಲಿ ಮನುಷ್ಯರೇ ಕಾಣುವುದಿಲ್ಲ. ನಿಮ್ಮೂರಿಗೆ ಅಂಚೆ ತರೋರು ಯಾರು ಅಂತ ಕೇಳಿ. ಮಕ್ಕಳು ಹೆಸರು ಹೇಳುತ್ತಾರೆ. ಆಮೇಲೆ ಸುಮಿತೇರು ತನಿಗುಚಿ ಬಗ್ಗೆ ಹೇಳಿ. 1945ರ ಆಗಸ್ಟ್ 9ರಂದು 16 ವರ್ಷದ ಈ ಹುಡುಗ ನಾಗಸಾಕಿಯಲ್ಲಿ ಸೈಕಲ್ ಮೇಲೆ ಅಂಚೆ ಹಂಚುತ್ತಿದ್ದ. ಬಾಂಬು ಸಿಡಿದ ಜಾಗ ಸುಮಾರು 1.8 ಕಿ.ಮೀ. ದೂರ. ಬೆನ್ನೆಲ್ಲ ಸುಟ್ಟುಹೋಯಿತು. ಒಂದು ವರ್ಷ ಒಂಬತ್ತು ತಿಂಗಳು ಬೋರಲು ಮಲಗಿಯೇ ಇದ್ದ. 1949ರಲ್ಲಿ ಆಸ್ಪತ್ರೆಯಿಂದ ಹೊರಬಂದು ಮತ್ತೆ ಅಂಚೆ ಕೆಲಸಕ್ಕೇ ಹೋದ. 2017ರಲ್ಲಿ ತೀರಿಕೊಳ್ಳುವವರೆಗೂ ಅಣ್ವಸ್ತ್ರ ಬೇಡ ಅಂತ ಹೇಳುತ್ತಲೇ ಇದ್ದರು. ಅವರ ಬೆನ್ನಿನ ಫೋಟೊ ಸಿಗುತ್ತದೆ. ಎಂಟನೇ ತರಗತಿಯವರಿಗೆ ಅದನ್ನು ತೋರಿಸಬೇಡಿ, ಮಾತಲ್ಲೇ ಹೇಳಿ.

ಪೀರಿಯಡ್‌ನ ಜಾಸ್ತಿ ಹೊತ್ತು ಬಾಂಬಿನ ನಂತರದ ವರ್ಷಗಳಿಗೇ ಕೊಡಿ. ಬದುಕುಳಿದವರನ್ನು ಜಪಾನಿನಲ್ಲಿ ಹಿಬಾಕುಷ ಅನ್ನುತ್ತಾರೆ. ರೋಗ ಅಂಟುತ್ತದೆ, ಹುಟ್ಟುವ ಮಕ್ಕಳಿಗೂ ಬರುತ್ತದೆ ಅನ್ನೋ ಭಯಕ್ಕೆ ಅವರಿಗೆ ಕೆಲಸ ಕೊಡಲು ಹಿಂಜರಿದರು, ಸಂಬಂಧ ಮುರಿದರು. ಎಷ್ಟೋ ಜನ ತಾವು ಆ ಊರಿನವರು ಅನ್ನೋದನ್ನೇ ಮುಚ್ಚಿಟ್ಟರು. ಇಲ್ಲಿಗೆ ಬಂದಾಗ ನಮ್ಮ ಹುಡುಗಿಯೊಬ್ಬಳು, "ಅವರ್ದೇನ್ ತಪ್ಪಿತ್ರಿ ಸರ್?" ಅಂತ ಕೇಳಿದಳು. ಇಂಥ ಪ್ರಶ್ನೆ ಬಂದರೆ ತಕ್ಷಣ ಉತ್ತರ ಕೊಡಬೇಡಿ, ತರಗತಿಯೇ ಮಾತಾಡಲಿ. ಒಂದನ್ನು ಮಾತ್ರ ಖಚಿತವಾಗಿ ಹೇಳಿ: ಅದು ಅಂಟುರೋಗ ಅಲ್ಲ. ಅವರ ಮಕ್ಕಳಲ್ಲೂ ಅನುವಂಶಿಕ ರೋಗ ಹೆಚ್ಚಿದ್ದು ಇದುವರೆಗಿನ ಅಧ್ಯಯನಗಳಲ್ಲಿ ಕಂಡಿಲ್ಲ.

ಸಡಾಕೊ ಸಸಾಕಿಯನ್ನು ಬಿಡೋಕಾಗಲ್ಲ. ಹಿರೋಷಿಮಾದಲ್ಲಿ ಎರಡು ವರ್ಷದ ಕೂಸಾಗಿ ಉಳಿದವಳು, 1955ರಲ್ಲಿ 12ನೇ ವಯಸ್ಸಿಗೆ ರಕ್ತದ ಕ್ಯಾನ್ಸರಿನಿಂದ ಸತ್ತಳು. ಸಾವಿರ ಕಾಗದದ ಕೊಕ್ಕರೆ ಮಡಚಿದರೆ ಬಯಸಿದ್ದು ಆಗುತ್ತದೆ ಅನ್ನೋ ನಂಬಿಕೆಯಿಂದ, ಆಸ್ಪತ್ರೆಯಲ್ಲಿ ಔಷಧಿ ಸುತ್ತಿದ ಕಾಗದದಲ್ಲೂ ಕೊಕ್ಕರೆ ಮಡಚುತ್ತಿದ್ದಳು. ಕೊಕ್ಕರೆ ಮಾಡಿಸಿ, ಆದರೆ ಕೊನೆಯ ಹತ್ತು ನಿಮಿಷದಲ್ಲಿ. ಮೊದಲೇ ಕಾಗದ ಕೊಟ್ಟರೆ ಅದು ಕ್ರಾಫ್ಟ್ ಕ್ಲಾಸ್ ಆಗಿಬಿಡುತ್ತದೆ.

ಹಿಬಾಕುಷರು ಸುಮ್ನೆ ಅಳುತ್ತಾ ಕೂರಲಿಲ್ಲ ಅನ್ನೋದೂ ಮಕ್ಕಳಿಗೆ ಗೊತ್ತಾಗಬೇಕು. 1956ರಲ್ಲಿ ನಿಹೊನ್ ಹಿಡಾಂಕ್ಯೊ ಎಂಬ ಸಂಘ ಕಟ್ಟಿದರು. ಮರುವರ್ಷ ಅವರ ಚಿಕಿತ್ಸೆಗೆ ಕಾನೂನು ಬಂತು, ಅಂದರೆ ಬಾಂಬು ಬಿದ್ದು 12 ವರ್ಷಕ್ಕೆ! ಆ ಸಂಘಕ್ಕೆ 2024ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸಿಕ್ಕಿತು. ದುಡಿಮೆಗಾಗಿ ಕರೆತಂದಿದ್ದ ಕೊರಿಯಾದವರೂ ಆ ಬಾಂಬುಗಳಿಗೆ ಸತ್ತರು, ಅವರಲ್ಲಿ ಬದುಕುಳಿದವರೂ ಇದ್ದರು. ಅವರನ್ನು ಮರೆಯಬೇಡಿ.

'ನಾನು ಹಿಬಾಕುಷ' ಅಂತ ಪ್ರಬಂಧ ಬರೆಸುವುದು ನನಗೆ ಒಪ್ಪಿಗೆಯಿಲ್ಲ. ಆ ನೋವನ್ನು ನಟಿಸುವುದು ಬೇಡ. ಅದರ ಬದಲು ಕೇಳುವುದನ್ನು ಕಲಿಸಿ. ಮನೆಯ ಅಜ್ಜ ಅಜ್ಜಿ ಹತ್ರ ಕೂತು 1972ರ ಬರಗಾಲದ ಬಗ್ಗೆ ಕೇಳಿ ಬರಲಿ. ಎರಡೂ ಒಂದೇ ಅಲ್ಲ, ಅದನ್ನು ಸ್ಪಷ್ಟವಾಗಿ ಹೇಳಿ. ನಡುವೆ ಬಾಯಿ ಹಾಕಬಾರದು, ಹೇಳಲು ಮನಸ್ಸಿಲ್ಲದಿದ್ದರೆ ಒತ್ತಾಯ ಮಾಡಬಾರದು. ಬರೆದು ತಂದದ್ದನ್ನು ಆಗಸ್ಟ್ 9ರಂದು ತರಗತಿಯಲ್ಲಿ ಓದಿಸಿ. ಅವತ್ತು ಭಾನುವಾರ ಬಂದರೆ ಸೋಮವಾರ.