ನಾಲ್ಕು ಸ್ಲೈಸಿನಿಂದ ಎರಡಕ್ಕೆ

ನಾನು ಚಿಕ್ಕವಳಿದ್ದಾಗ ಬ್ರೆಡ್ ಅಂದರೆ ಜ್ವರ ಬಂದವರ ಊಟ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೊರಟರೆ ಅಪ್ಪನ ಕೈಯಲ್ಲಿ ಒಂದು ಪೌಂಡ್ ಬ್ರೆಡ್ಡು ಇರಲೇಬೇಕು. ಕೆಲಸಕ್ಕೆ ಸೇರಿದ ಮೇಲೆ ಅದೇ ನನ್ನ ದಿನದ ತಿಂಡಿಯಾಯಿತು. ನಾಲ್ಕು ಸ್ಲೈಸ್ ಸ್ವೀಟ್ ಬ್ರೆಡ್, ಮೇಲೆ ಜಾಮ್, ಒಂದು ಲೋಟ ಕಾಫಿ. ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಹನ್ನೊಂದು ಗಂಟೆಗೆ ಮತ್ತೆ ಹೊಟ್ಟೆ ಚುರುಗುಟ್ಟುತ್ತಿತ್ತು, ಆಗ ಬಿಸ್ಕತ್ತು.

43ನೇ ವಯಸ್ಸಿಗೆ, ರಕ್ತದಲ್ಲಿ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಎಷ್ಟೆಂದು ಹೇಳುವ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ ಹಾಗೆ. ಡಾಕ್ಟರು ಮಾತ್ರೆ ಬರೆಯಲಿಲ್ಲ. "ಬೆಳಗ್ಗೆ ಏನು ತಿಂತೀರ, ಮೊದಲು ಅದನ್ನ ನೋಡ್ಕೊಳ್ಳಿ" ಅಂದರು.

ಮನೆಯಲ್ಲೇ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುವ ಒಂದು ಗ್ಲುಕೋಮೀಟರ್ ತಂದೆ. ಮೊದಲ ದಿನ ಎಂದಿನಂತೆ ಬ್ರೆಡ್-ಜಾಮ್ ತಿಂದೆ. ತಿನ್ನುವ ಮೊದಲು 104 ಇದ್ದದ್ದು ಒಂದು ಗಂಟೆ ಬಿಟ್ಟು ನೋಡಿದರೆ 188. ಭಯ ಆಯಿತು. ಬ್ರೆಡ್ ಪೂರ್ತಿ ಬಿಟ್ಟು ಮೂರು ತಟ್ಟೆ ಇಡ್ಲಿ ತಿಂದೆ. 181! ಬಿಳಿ ಬ್ರೆಡ್ ಬಿಟ್ಟು ಬಿಳಿ ಅಕ್ಕಿ ಹಿಡಿದರೆ ಏನು ಬಂತು, ಅಲ್ವಾ?

ಆಮೇಲೆ ಬ್ರೌನ್ ಬ್ರೆಡ್ ಕೇಳಿದೆ. ನಮ್ಮ ಬೀದಿಯ ಬೇಕರಿಯವರು ಪ್ರಾಮಾಣಿಕರು. "ಅಕ್ಕಾ, ಇದ್ರಲ್ಲೂ ಮೈದಾನೇ ಜಾಸ್ತಿ, ಬಣ್ಣಕ್ಕೆ ಕ್ಯಾರಮೆಲ್" ಅಂದರು. ಅಂದಿನಿಂದ ಪ್ಯಾಕೆಟ್ ಬ್ರೆಡ್ ತಗೊಂಡರೆ ಹಿಂದೆ ತಿರುಗಿಸಿ ಓದುತ್ತೇನೆ. ಜಾಸ್ತಿ ಇರುವ ಪದಾರ್ಥದ ಹೆಸರು ಮೊದಲು ಇರುತ್ತದೆ. ಅಲ್ಲಿ ಮೈದಾ ಅಂತಿದ್ದರೆ ಬಣ್ಣ ನೋಡಿ ಮರುಳಾಗಬೇಕಿಲ್ಲ.

ಮೈದಾ ಮಾಡುವಾಗ ಗೋಧಿಯ ತವುಡು, ಮೊಳಕೆಯ ಭಾಗ ಎರಡೂ ಹೋಗುತ್ತವೆ. ಅವುಗಳ ಜೊತೆ ನಾರು, ಕಬ್ಬಿಣ, ಬಿ ವಿಟಮಿನ್ನುಗಳೂ ಬಹುಪಾಲು ಹೋಗುತ್ತವೆ. ಹಾಗಂತ ಬಿಳಿ ಬ್ರೆಡ್ಡಿನಲ್ಲಿ ಏನೂ ಇಲ್ಲ ಅನ್ನುವುದು ತಪ್ಪು. 100 ಗ್ರಾಂನಲ್ಲಿ ಸುಮಾರು 265 ಕ್ಯಾಲೊರಿ, 8-9 ಗ್ರಾಂ ಪ್ರೋಟೀನ್ ಇರುತ್ತದೆ. ಆದರೆ ಕಾರ್ಬೋಹೈಡ್ರೇಟ್ 50 ಗ್ರಾಂ ಹತ್ತಿರ, ನಾರು ಎರಡು-ಮೂರು ಗ್ರಾಂ ಅಷ್ಟೇ. ತಡೆಯುವ ನಾರಿಲ್ಲದೆ ಪಿಷ್ಟ ಬೇಗ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ನನ್ನ ನಾಲ್ಕು ಸ್ಲೈಸೇ ನೂರು ಗ್ರಾಂ ದಾಟುತ್ತಿತ್ತು, ಜಾಮ್ ಬೇರೆ.

ಈಗ ಮಾಡುವುದು ಹೀಗೆ. ಎರಡೇ ಸ್ಲೈಸ್ ಸಾಲ್ಟ್ ಬ್ರೆಡ್, ಕಾವಲಿ ಮೇಲೆ ಅರ್ಧ ಚಮಚ ತುಪ್ಪ ಹಾಕಿ ಕೆಂಪಗೆ ಮಾಡಿಕೊಳ್ಳುತ್ತೇನೆ. ಎರಡು ಮೊಟ್ಟೆಗೆ ಈರುಳ್ಳಿ, ಒಂದು ಹಿಡಿ ಮೆಂತ್ಯ ಸೊಪ್ಪು ಹಾಕಿ ಆಮ್ಲೆಟ್. ಸೋಮವಾರ, ಶನಿವಾರ ಮೊಟ್ಟೆ ತಿನ್ನಲ್ಲ, ಹೆಸರುಕಾಳು ಉಸ್ಲಿ. ಮೊದಲು ಸೌತೆಕಾಯಿ, ಆಮೇಲೆ ಆಮ್ಲೆಟ್, ಬ್ರೆಡ್ ಕೊನೆಗೆ. ಹೀಗೆ ತಿಂದ ಮೊದಲ ದಿನ ಒಂದು ಗಂಟೆ ಬಿಟ್ಟು ನೋಡಿದರೆ 141 ತೋರಿಸಿತು. ನಂಬಿಕೆಯಾಗದೆ ಮರುದಿನವೂ ಚುಚ್ಚಿಕೊಂಡೆ, 138. ಮಧ್ಯಾಹ್ನದವರೆಗೆ ಹಸಿವೂ ಇಲ್ಲ.

ಉಪ್ಪಿನ ಲೆಕ್ಕವೂ ಇದೆ. ನಾಲ್ಕು ಸ್ಲೈಸಿನಲ್ಲಿ ಹೆಚ್ಚುಕಮ್ಮಿ ಒಂದು ಗ್ರಾಂ ಉಪ್ಪು ಸೇರಿರುತ್ತದೆ, ದಿನಕ್ಕೆ 5 ಗ್ರಾಂ ದಾಟಬಾರದು ಅನ್ನುತ್ತಾರೆ. ಬಿಪಿ ಇರುವವರು ಗಮನಿಸಿ.

ಹೋದ ವರ್ಷ ಅಮ್ಮನಿಗೆ ಭೇದಿಯಾಗಿ ಸುಸ್ತಾದಾಗ ಡಾಕ್ಟರೇ ಗಂಜಿ, ಬಿಳಿ ಬ್ರೆಡ್ ಟೋಸ್ಟ್ ಕೊಡಿ ಅಂದರು. ನಾರು ಕಡಿಮೆ ಇರುವುದೇ ಆಗ ಒಳ್ಳೆಯದಾಯಿತು. ಎರಡು ದಿನ ಏನೂ ಬೇಡ ಅಂದಿದ್ದ ಅಮ್ಮ ಅರ್ಧ ಸ್ಲೈಸ್ ತಿಂದಾಗ ನನಗೆ ಜೀವ ಬಂದಂತಾಯಿತು.

ಆರು ತಿಂಗಳಿಗೆ ನನ್ನ ಎಚ್‌ಬಿಎ1ಸಿ 5.7ಕ್ಕೆ ಇಳಿಯಿತು. ರಾತ್ರಿ ಊಟದ ಮೇಲೆ ನಡೆಯಲು ಶುರು ಮಾಡಿದ್ದೆ, ಅದರ ಪಾಲೂ ಇದರಲ್ಲಿದೆ. ಮಾತ್ರೆ, ಇನ್ಸುಲಿನ್ ತಗೊಳ್ಳುವವರು ನನ್ನ ಹಾಗೆ ತಾವೇ ಪ್ರಯೋಗ ಮಾಡಬೇಡಿ, ಡಾಕ್ಟರನ್ನು ಕೇಳಿ. ನಾನೀಗ ಅರ್ಧ ಪೌಂಡ್ ಮಾತ್ರ ತರುತ್ತೇನೆ, ಎರಡೆರಡು ಸ್ಲೈಸ್ ಸುತ್ತಿ ಫ್ರೀಜರಿನಲ್ಲಿ ಇಡುತ್ತೇನೆ. ಮೂರನೆಯದಕ್ಕೆ ಕೈ ಹೋಗುವುದಿಲ್ಲ.