ಅಂಚೆ ಡಬ್ಬಿಯ ಮೇಲೆ ಅಪ್ಪನ ಹೆಸರು

ಓದಲು ಜರ್ಮನಿಯ ಡ್ರೆಸ್ಡನ್‌ಗೆ ಬಂದಿದ್ದು 2025ರ ಸೆಪ್ಟೆಂಬರ್ ಕೊನೆಗೆ. ಮೂರು ವಾರ ಕಳೆದರೂ ಬ್ಯಾಂಕಿನಿಂದ ಕಾರ್ಡ್ ಬರಲಿಲ್ಲ, ಪಿನ್ನೂ ಬರಲಿಲ್ಲ. ಇಲ್ಲಿ ಅವೆರಡೂ ಬೇರೆ ಬೇರೆ ಕವರಿನಲ್ಲಿ, ಬೇರೆ ಬೇರೆ ದಿನ ಬರುತ್ತವೆ. ಫೋನ್ ಮಾಡಿ ಕೇಳಿದರೆ, ಆ ವಿಳಾಸದಲ್ಲಿ ಅಂಥವರು ಯಾರೂ ಇಲ್ಲ ಅಂತ ಎರಡೂ ವಾಪಸ್ ಬಂದಿವೆ ಅಂದರು. ನಾನು ಅದೇ ಮನೆಯಲ್ಲೇ ಇದ್ದೆ!

ಆಮೇಲೆ ಗೊತ್ತಾಯಿತು. ವಿಳಾಸದಲ್ಲಿ ಸಾಮಾನ್ಯವಾಗಿ ಬೀದಿ ಮತ್ತು ಕಟ್ಟಡದ ನಂಬರ್ ಮಾತ್ರ ಇರುತ್ತದೆ, ಮನೆ ನಂಬರ್ ಇರುವುದಿಲ್ಲ. ಕಾಗದ ಯಾವ ಡಬ್ಬಿಗೆ ಹಾಕಬೇಕು ಅಂತ ಪೋಸ್ಟಿನವರು ನೋಡುವುದು ಡಬ್ಬಿಯ ಮೇಲಿನ ಹೆಸರನ್ನೇ. ನಮ್ಮ ಡಬ್ಬಿಯ ಮೇಲೆ ರೂಮ್‌ಮೇಟ್‌ಗಳಿಬ್ಬರ ಹೆಸರಷ್ಟೇ ಇತ್ತು.

ಇನ್ನೊಂದು ವಿಷಯ, ಇದು ನಮ್ಮ ಕಡೆಯವರಿಗೆ ಜಾಸ್ತಿ ಮುಖ್ಯ. ನಮ್ಮ ಮನೆಯಲ್ಲಿ ಯಾರಿಗೂ ಸರ್‌ನೇಮ್ ಇಲ್ಲ, ಇನಿಷಿಯಲ್ ಮಾತ್ರ. ಪಾಸ್‌ಪೋರ್ಟ್ ಮಾಡಿಸುವಾಗ ಆ ಜಾಗದಲ್ಲಿ ಅಪ್ಪನ ಹೆಸರು ಬರೆಸಿದ್ದೆವು. ಇಲ್ಲಿ ಕಾಗದ ಬರುವುದು ಆ ಹೆಸರಿಗೇ, ಡಾಕ್ಟರ ಹತ್ತಿರ ಕಾಯುತ್ತಾ ಕೂತರೆ ಹೆಂಗಸರಿಗೆ ಹೇಳುವ 'ಫ್ರಾವ್' ಅಂತ ಸೇರಿಸಿ ಕರೆಯುವುದೂ ಆ ಹೆಸರನ್ನೇ. ಹಾಗಾಗಿ ನೋಟ್‌ಬುಕ್ಕಿನ ಹಾಳೆಯಿಂದ ಬೆರಳಗಲದ ಪಟ್ಟಿ ಕತ್ತರಿಸಿ, ದಪ್ಪ ಅಕ್ಷರದಲ್ಲಿ ಅಪ್ಪನ ಹೆಸರು ಬರೆದು, ಮೇಲೆ ಸೆಲ್ಲೋಟೇಪ್ ಎಳೆದು ಅಂಟಿಸಿದೆ. ಕಾಲಿಂಗ್ ಬೆಲ್ ಹತ್ತಿರವೂ ಒಂದು. ಮುಂದಿನ ವಾರವೇ ಕಾರ್ಡ್ ಬಂತು. ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ಹಣ ಬಿಡುವ ಖಾತೆಯಲ್ಲಿ, ಇಟ್ಟು ಬಂದಿದ್ದ 11,904 ಯೂರೋದಲ್ಲಿ ತಿಂಗಳಿಗೆ ಕೈಗೆ ಬರುವುದು 992. ಅದೂ ಇಲ್ಲಿನ ಖಾತೆಗೇ ಬರಬೇಕು. ಕಾರ್ಡ್ ಇಲ್ಲದ ಅಷ್ಟೂ ದಿನ ಊರಿಂದ ತಂದಿದ್ದ ನೋಟುಗಳನ್ನು ದಿನಾ ರಾತ್ರಿ ಎಣಿಸಿ ಇಡುತ್ತಿದ್ದೆ.

ಅನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿಯನ್ನು ಮನೆ ಸೇರಿದ ಎರಡು ವಾರದೊಳಗೆ ಮಾಡಿಸಬೇಕು. ಬಾಡಿಗೆ ಕರಾರು ಸಾಲುವುದಿಲ್ಲ, ಮನೆ ಕೊಟ್ಟವರು ಸಹಿ ಹಾಕಿದ ಬೇರೆ ಫಾರ್ಮ್ ಬೇಕು. ಕೀಲಿ ತಗೊಳ್ಳುವ ದಿನವೇ ಕೇಳಿ ಇಸ್ಕೊಳ್ಳಿ. ಅಪಾಯಿಂಟ್‌ಮೆಂಟ್ ಖಾಲಿ ಇಲ್ಲ ಅಂತ ತೋರಿಸಿದರೆ ಬೆಳಗ್ಗೆ ಎದ್ದ ಕೂಡಲೇ ಮತ್ತೆ ನೋಡಿ, ಯಾರೋ ಬಿಟ್ಟುಕೊಟ್ಟ ಸಮಯ ನನಗೆ ಹಾಗೇ ಸಿಕ್ಕಿತು. ನೋಂದಣಿ ಆದ ಮೇಲೆ 11 ಅಂಕಿಯ ತೆರಿಗೆ ನಂಬರ್ ತಾನಾಗಿಯೇ ಅಂಚೆಯಲ್ಲಿ ಬರುತ್ತದೆ. ಹಿಂದೆಯೇ ರೇಡಿಯೋ-ಟಿವಿ ಶುಲ್ಕದ ಕಾಗದವೂ ಬರುತ್ತದೆ, ತಿಂಗಳಿಗೆ 18.36 ಯೂರೋ. ಟಿವಿ ಇಲ್ಲದಿದ್ದರೂ ಕಟ್ಟಬೇಕು, ಆದರೆ ಇದು ಮನೆಗೊಂದು, ತಲೆಗೊಂದಲ್ಲ. ರೂಮ್‌ಮೇಟ್ ಕಟ್ಟುತ್ತಿದ್ದರೆ ಅವರ ಶುಲ್ಕದ ನಂಬರ್ ಬರೆದು ಆ ಕಚೇರಿಗೆ ತಿಳಿಸಿ, ನಿಮ್ಮ ಪಾಲು ಅವರಿಗೆ ಕೊಟ್ಟರಾಯಿತು.

ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ತರಕಾರಿ ತಂದಿಡಿ.

ಕ್ಲಾಸಿನ ವೇಳಾಪಟ್ಟಿಯಲ್ಲಿ ಸಮಯದ ಪಕ್ಕ 'ಸಿ.ಟಿ.' ಅಂತಿದ್ದರೆ ಶುರುವಾಗುವುದು ಕಾಲು ಗಂಟೆ ತಡವಾಗಿ. ಮೊದಲ ಕ್ಲಾಸ್ ಮುಗಿದಾಗ ಎಲ್ಲರೂ ಬೆರಳ ಗೆಣ್ಣಿನಿಂದ ಟೇಬಲ್ ಕುಟ್ಟಿದರು. ಏನೋ ಗಲಾಟೆ ಅಂದುಕೊಂಡೆ. ಅದು ಚಪ್ಪಾಳೆಯ ಬದಲಂತೆ, ಆ ಸದ್ದು ಈಗ ನನಗೆ ತುಂಬಾ ಇಷ್ಟ.

ನವೆಂಬರ್‌ನಲ್ಲಿ ಒಂದು ಬೆಳಗ್ಗೆ ಕಿಟಕಿ ಗಾಜಿನ ಮೇಲೆ ನೀರು ಇಳಿಯುತ್ತಿತ್ತು, ಮೂಲೆಯ ಗೋಡೆಯಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕಿಗಳು. ಬೂಷ್ಟು. ಚಳಿ ಅಂತ ನಾನು ಕಿಟಕಿ ತೆಗೆಯುತ್ತಲೇ ಇರಲಿಲ್ಲ, ಒಳಗೇ ಅನ್ನ ಬೇಯಿಸಿ, ಒಳಗೇ ಬಟ್ಟೆ ಒಣಹಾಕುತ್ತಿದ್ದೆ. ರೂಮ್‌ಮೇಟ್ ಬಂದು ಹೀಟರ್ ಆಫ್ ಮಾಡಿ, ಕಿಟಕಿಯನ್ನು ಪೂರ್ತಿ ತೆರೆದು, ಐದು ನಿಮಿಷ ಬಿಟ್ಟು ಮುಚ್ಚಿ ತೋರಿಸಿದಳು. ದಿನಕ್ಕೆ ಎರಡು ಮೂರು ಸಲ ಹೀಗೆ ಮಾಡಬೇಕು. ಸುಮ್ನೆ ಸ್ವಲ್ಪ ಓರೆ ತೆಗೆದಿಟ್ಟರೆ ಗೋಡೆ ತಣ್ಣಗಾಗುತ್ತದೆ ಅಷ್ಟೇ.

ಮನೆಗೆ ಫೋನ್ ಮಾಡುವ ಹೊತ್ತನ್ನೂ ಬದಲಾಯಿಸಬೇಕಾಯಿತು. ಅಕ್ಟೋಬರ್‌ನ ಕೊನೆಯ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಊರಿಗೂ ಇಲ್ಲಿಗೂ ಮೂರೂವರೆ ಗಂಟೆಯಿದ್ದ ಅಂತರ ನಾಲ್ಕೂವರೆ ಆಗುತ್ತದೆ. ಸಂಜೆ ಆರಕ್ಕೆ ಮಾಡಿದರೆ ಅಲ್ಲಿ ಹತ್ತೂವರೆ, ಅಮ್ಮ ನಿದ್ದೆಗಣ್ಣಲ್ಲೇ ಮಾತಾಡುತ್ತಿದ್ದಳು. ಈಗ ಎರಡು ಗಂಟೆಗೆ ಊಟ ಮುಗಿಸಿ ಮಾಡುತ್ತೇನೆ. ಅಲ್ಲಿ ಆರೂವರೆ, ದೀಪ ಹಚ್ಚಿ ಕೂತಿರುತ್ತಾಳೆ.