ಗುಲಾಬಿಗೆ ತಿರುಗಿದ ಪ್ರಿಂಟಿಗೆ ಯಾವ ಫಾರ್ಮ್ಯಾಟ್?

ಸ್ಕ್ಯಾನ್ ಮಾಡಿ ಕಾಪಿಡಲೆಂದು ಕಳೆದ ತಿಂಗಳು ನನ್ನ ಮೇಜಿಗೆ ಬಂದ 35 ಎಂಎಂ ಸಿನಿಮಾ ಪ್ರಿಂಟಿನಲ್ಲಿ ಬಾಳೆಲೆಯೂ ಗುಲಾಬಿ, ಅದರ ಮೇಲಿನ ಅನ್ನವೂ ಗುಲಾಬಿ. 1970ರ ದಶಕದ ಈಸ್ಟ್‌ಮನ್‌ಕಲರ್ ಪ್ರಿಂಟುಗಳ ಪಾಡು ಇದೇ: ಸಯಾನ್, ಅಂದರೆ ಹಸಿರುನೀಲಿ ಬಣ್ಣ ಮೊದಲು ಮಾಸುತ್ತದೆ. ಹಸಿರು ಹೋಯಿತೆಂದು ಕೈಬಿಡಬೇಡಿ. ಉಳಿದ ಸಯಾನ್ ದಾಖಲಾಗುವುದು ಸ್ಕ್ಯಾನಿನ ಕೆಂಪು ಚಾನೆಲ್‌ನಲ್ಲಿ; ಅದೊಂದನ್ನೇ ತೆರೆದಾಗ ಎಲೆಯ ನಡುದಿಂಡು ಮಸುಕಾಗಿ ಕಂಡಿತು. ಆ ಮಸುಕು ಗೆರೆ ಕಳೆದುಹೋಗದಂತೆ ಹಿಡಿದಿಡುವ ಫಾರ್ಮ್ಯಾಟ್ ನಮಗೆ ಬೇಕು.

8 ಬಿಟ್‌ನಲ್ಲಿ ಪ್ರತಿ ಚಾನೆಲ್‌ಗೆ ಕಪ್ಪಿನಿಂದ ಪೂರ್ಣ ಬೆಳಕಿನವರೆಗೆ 256 ಮೆಟ್ಟಿಲು. ಆ ದೃಶ್ಯದ ಕೆಂಪು ಚಾನೆಲ್ ಅದರಲ್ಲಿ ಸುಮಾರು 40ರೊಳಗೇ ಮುದುಡಿಕೊಂಡಿತ್ತು. ಬಣ್ಣ ಮರಳಿಸಲು ಅದನ್ನು ಹಿಗ್ಗಿಸಿದರೆ ಆಕಾಶದಲ್ಲಿ ಪಟ್ಟೆಗಳು ಏಳುತ್ತವೆ. 16 ಬಿಟ್‌ನಲ್ಲಿ ಅಷ್ಟೇ ಜಾಗಕ್ಕೆ 10,000ಕ್ಕೂ ಹೆಚ್ಚು ಮೆಟ್ಟಿಲುಗಳಿವೆ.

10 ಬಿಟ್ ಲಾಗ್ (ಬೆಳಕಿನ ಬದಲು ಸಾಂದ್ರತೆಯನ್ನು, ಅಂದರೆ ಫಿಲ್ಮ್ ಬೆಳಕು ತಡೆಯುವ ಅಳತೆಯನ್ನು, ಸಮ ಮೆಟ್ಟಿಲುಗಳಲ್ಲಿ ಬರೆಯುವ ರೀತಿ) ಸಾಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಂಥ ಲಾಗ್‌ನ ಮಾದರಿಯಾದ ಸಿನಿಯಾನ್ ರೂಪುಗೊಂಡದ್ದು ನೆಗೆಟಿವ್‌ಗಾಗಿ; ಮೆಟ್ಟಿಲಿಗೆ 0.002 ಸಾಂದ್ರತೆಯಂತೆ ಅದು ಸುಮಾರು 2.05ರವರೆಗೆ ಅಳೆಯುತ್ತದೆ. ಒಳ್ಳೆಯ ಪ್ರಿಂಟಿನ ಕಪ್ಪು 3ನ್ನೂ ದಾಟುತ್ತದೆ. ರಾತ್ರಿಯ ದೃಶ್ಯದ ನೆರಳೆಲ್ಲ ಅಲ್ಲೇ ಕತ್ತರಿಸಿಹೋಗುತ್ತದೆ.

4:2:0 ಮೂಲ ಪ್ರತಿಗೆ ಬೇಡವೇ ಬೇಡ. ಅದರಲ್ಲಿ ನಾಲ್ಕು ಪಿಕ್ಸೆಲ್‌ಗಳಿಗೆ ಸೇರಿ ಒಂದೇ ಬಣ್ಣದ ಮಾಹಿತಿ. ಮಾಸಿದ ಚಾನೆಲ್ ಹಿಗ್ಗಿಸಿದಾಗ ಅಂಚುಗಳೆಲ್ಲ ಚೌಕಚೌಕವಾಗುತ್ತವೆ. ಆರ್‌ಜಿಬಿ 4:4:4 (ಪ್ರತಿ ಪಿಕ್ಸೆಲ್‌ಗೂ ತನ್ನದೇ ಬಣ್ಣದ ಮಾಹಿತಿ) ಇರಲಿ. ಸ್ಕ್ಯಾನ್ ಮಾಡುವಾಗಲೇ ಬಣ್ಣ ತಿದ್ದಬೇಡಿ; ಫಿಲ್ಮಿನ ತೀರ ಪಾರದರ್ಶಕ ಭಾಗವೂ ಯಾವ ಚಾನೆಲ್‌ನಲ್ಲೂ ಕ್ಲಿಪ್ ಆಗದಂತೆ, ಅಂದರೆ ಗರಿಷ್ಠ ಮಟ್ಟಕ್ಕೆ ತಾಗಿ ವಿವರ ಕಳೆಯದಂತೆ, ನೋಡಿಕೊಳ್ಳಿ. ಗುಲಾಬಿಯಾಗಿದ್ದರೆ ಗುಲಾಬಿಯಾಗಿಯೇ ಉಳಿಸಿ.

ಜಾಗದ ಚಿಂತೆ ನಿಜವಾದದ್ದೇ. 4096×3112ರ 16 ಬಿಟ್ ಡಿಪಿಎಕ್ಸ್ (ಪ್ರತಿ ಚಿತ್ರವನ್ನೂ ಬೇರೆ ಕಡತವಾಗಿ ಇಡುವ ಸ್ಕ್ಯಾನ್ ಫಾರ್ಮ್ಯಾಟ್) ಚಿತ್ರ ಒಂದಕ್ಕೆ ಸುಮಾರು 76 ಎಂಬಿ; 1,000 ಅಡಿಯ ರೀಲು, ಅಂದರೆ 11 ನಿಮಿಷಕ್ಕೆ, 16,000 ಚಿತ್ರಗಳು, 1.2 ಟಿಬಿ. ಅದಕ್ಕೇ ನಾನು ಎಫ್‌ಎಫ್‌ವಿ1 ಕೋಡೆಕ್‌ನಲ್ಲಿ ಮಟ್ರೋಸ್ಕಾ (.mkv) ಕಡತವಾಗಿ ಕಟ್ಟಿಡುತ್ತೇನೆ. ಒಂದು ಬಿಟ್ಟೂ ನಷ್ಟವಾಗದೆ ಗಾತ್ರ ಇಳಿಯುತ್ತದೆ. ಕಟ್ಟಿದ ಮೇಲೆ ಪಿಕ್ಸೆಲ್ ಫಾರ್ಮ್ಯಾಟ್ ಪರಿಶೀಲಿಸಿ: ಒಂದು ಆಯ್ಕೆ ತಪ್ಪಿದರೂ ತಂತ್ರಾಂಶ ಸದ್ದಿಲ್ಲದೆ 8 ಬಿಟ್‌ಗೆ ಇಳಿಸಿಬಿಡಬಹುದು.

ಮನೆಯವರು ನೋಡಲು ಬಣ್ಣ ತಿದ್ದಿದ ರೆಕ್ 709 (ಎಚ್‌ಡಿ ಟಿವಿಯ ಬಣ್ಣದ ಮಾನದಂಡ), 4:2:0 ಪ್ರತಿ ಬೇರೆಯೇ ಮಾಡಿಕೊಳ್ಳಿ. ಮೂಲ ಡಿಪಿಎಕ್ಸ್ ಅಳಿಸುವ ಮುನ್ನ ಎಫ್‌ಎಫ್‌ವಿ1 ಅನ್ನು ಬಿಚ್ಚಿ, ಪ್ರತಿ ಚಿತ್ರದ ಎಂಡಿ5 ಮೊತ್ತವನ್ನು (ಒಂದು ಬಿಟ್ ಬದಲಾದರೂ ಬೇರೆಯಾಗುವ ಗುರುತು ಸಂಖ್ಯೆಯನ್ನು) ಹೋಲಿಸುತ್ತೇನೆ. 16,000ದಲ್ಲಿ ಒಂದು ಹೊಂದದಿದ್ದರೂ ಮತ್ತೆ ಮೊದಲಿನಿಂದ ಕಟ್ಟುತ್ತೇನೆ.